ರಾಡು, ವೈರು, ರಾಟೆ: ಐಲ್ಯಾಂಡ್ ಮೇಲಿನ ದೀಪಕ್ಕೆ ನನ್ನ ಓಟು ವೈರಿಗೆ

ಕಪ್ಪು ಬಣ್ಣದ ಒಂಬತ್ತು ರಾಡಿನ ತುಂಡುಗಳು ನಮ್ಮ ಅಟ್ಟದಲ್ಲಿ ಬಿದ್ದಿವೆ. 12 ಇಂಚಿನವು ಆರು, 6 ಇಂಚಿನವು ಮೂರು. ಅಡುಗೆಮನೆ ನಡುವೆ ಒಂಟಿಯಾಗಿ ನಿಂತ ಕಟ್ಟೆ, ಅಂದರೆ ಐಲ್ಯಾಂಡ್ ಮೇಲೆ ಮೂರು ತೂಗುದೀಪ ಹಾಕಲು ತಂದದ್ದು. ಹಾಕಿದ ಐದೇ ವಾರಕ್ಕೆ ಕೆಳಗಿಳಿಸಿದೆ. ಈಗ ಅವೇ ಶೇಡ್‌ಗಳು ಮಾಮೂಲಿ ವೈರಿನಲ್ಲಿ ತೂಗುತ್ತಿವೆ, ನಾನೂ ನೆಮ್ಮದಿಯಾಗಿದ್ದೇನೆ. ನಡುವೆ ಎರಡು ವಾರ ತಂಗಿ ಮನೆಯ ರಾಟೆ ದೀಪವನ್ನೂ ತಂದು ಹಾಕಿ ನೋಡಿದ್ದೆ. ಅದೇ, ಮೇಲೆ ಕೆಳಗೆ ಎಳೆಯುವಂಥದ್ದು. ಹಾಗಾಗಿ ಮೂರರ ಬಗ್ಗೆಯೂ ಒಂದಿಷ್ಟು ಹೇಳಬಲ್ಲೆ.

ಶೇಡ್ ಬಣ್ಣ, ಬಲ್ಬಿನ ವ್ಯಾಟು ಇವೆಲ್ಲ ಡಬ್ಬಿ ಮೇಲೇ ಬರೆದಿರುತ್ತದೆ, ಬಿಡಿ. ನಾನು ಹೇಳುವುದು ಎತ್ತರದ ವಿಷಯ. ತೂಗುದೀಪದಲ್ಲಿ ಎಡವಟ್ಟು ಆಗುವುದು ಅಲ್ಲೇ.

ಮೊದಲು ನಮ್ಮ ಅಡುಗೆಮನೆಯ ಲೆಕ್ಕ. ಛಾವಣಿ 9 ಅಡಿ, ಅಂದರೆ 108 ಇಂಚು. ಐಲ್ಯಾಂಡ್ ನೆಲದಿಂದ 36 ಇಂಚು ಎತ್ತರ, 7 ಅಡಿ ಉದ್ದ. ಶೇಡ್ 10 ಇಂಚು ಅಗಲ. ದೀಪಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 30 ಇಂಚು ಬಿಟ್ಟೆವು. ಆಚೆ ಈಚೆ ತುದಿಗಳಲ್ಲಿ ಒಂದೊಂದು ಅಡಿ ಉಳಿಯಿತು. ಇಷ್ಟರಲ್ಲಿ ತಕರಾರು ಇರಲಿಲ್ಲ.

ಎತ್ತರಕ್ಕೆ ಎಲ್ಲರೂ ಹೇಳುವ ಲೆಕ್ಕ ಒಂದಿದೆ. ಕಟ್ಟೆಯ ಕಲ್ಲಿನಿಂದ ಶೇಡಿನ ಕೆಳ ಅಂಚಿಗೆ 30ರಿಂದ 36 ಇಂಚು. ಛಾವಣಿ 8 ಅಡಿಗಿಂತ ಜಾಸ್ತಿ ಇದ್ದರೆ ಅಡಿಗೆ 3 ಇಂಚು ಸೇರಿಸಿ ಅನ್ನುತ್ತಾರೆ. ಕೇಳಲು ಸುಲಭ. ಆದರೆ 30ಕ್ಕೂ 36ಕ್ಕೂ ನಡುವೆ ಇರುವ ಆ ಆರು ಇಂಚಿನಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ಆಯಿತು.

ನಮ್ಮ ಮನೆಯವರು 6 ಅಡಿ. ಅವರ ಕಣ್ಣು ನೆಲದಿಂದ ಹತ್ತಿರ ಹತ್ತಿರ 67 ಇಂಚಿನಲ್ಲಿ. ದೀಪವನ್ನು 30 ಇಂಚಿಗೆ ತೂಗಿಸಿದರೆ ಶೇಡಿನ ಅಂಚು ನೆಲದಿಂದ 66 ಇಂಚಿಗೆ ಬರುತ್ತದೆ. ಅಂದರೆ ಶೇಡು ಸರಿಯಾಗಿ ಅವರ ಮುಖದ ಎದುರು. ಐಲ್ಯಾಂಡಿನ ಆಚೆ ನಿಂತು ಮಾತಾಡುವಾಗ ಅವರು ನವಿಲಿನ ಹಾಗೆ ಕತ್ತು ಆಡಿಸುತ್ತಿದ್ದರು. ‘ನೀನೆಲ್ಲಿದ್ದೀಯ ಅಂತ ದನಿ ಕೇಳಿ ತಿಳ್ಕೋಬೇಕು’ ಅಂದರು ಒಂದು ದಿನ. ಹಾಗಾದರೆ 36ಕ್ಕೆ ಏರಿಸೋಣ ಅಂದರೆ ಅತ್ತೆಗೆ ಆಗದು. ಅವರು ಸ್ಟೂಲ್ ಮೇಲೆ ಕೂತು ತರಕಾರಿ ಹೆಚ್ಚುತ್ತಾರೆ. ದೀಪ ಮೇಲೆ ಹೋದಷ್ಟೂ ಶೇಡಿನ ಅಡಿಯಿಂದ ಬಲ್ಬು ಇಣುಕುತ್ತದೆ, ಕೂತವರ ಕಣ್ಣಿಗೆ ಚುಚ್ಚುತ್ತದೆ. ಇದು ನನಗೆ ಮೊದಲು ಹೊಳೆದೇ ಇರಲಿಲ್ಲ. ದೀಪ ಮೇಲೆ ಹೋದರೆ ಕಣ್ಣಿಗೆ ಆರಾಮ ಅಂತಲೇ ತಿಳಿದಿದ್ದೆ. ಎದುರಿಗಿರುವವರು ಕಾಣಬೇಕು ಅನ್ನುವುದಕ್ಕೆ ಅದು ನಿಜ. ಬಲ್ಬು ಕಾಣಬಾರದು ಅನ್ನುವುದಕ್ಕೆ ಉಲ್ಟಾ. ಅದರ ಮೇಲೆ ಬೆಳಕೂ ಕಮ್ಮಿ. 30 ಇಂಚಿನಿಂದ 36ಕ್ಕೆ ಏರಿಸಿದರೆ ದೀಪದ ನೇರ ಕೆಳಗೆ, ಈಳಿಗೆಯೋ ಚಾಕುವೋ ಓಡುವ ಜಾಗದಲ್ಲಿ, ದೀಪದಿಂದ ಬೀಳುವ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ.

ಇಲ್ಲಿ ಒಂದು ಅಡ್ಡಮಾತು. ‘ಇನ್ನೂ ಕೆಳಗೆ ಬಿಡಿ, ಚೆನ್ನಾಗಿರುತ್ತೆ’ ಅನ್ನುವವರೂ ಸಿಕ್ಕರು. ಅದು ಊಟದ ಮೇಜಿನ ಲೆಕ್ಕ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸನ್ 1958ರಲ್ಲಿ ಮಾಡಿದ ಪಿಎಚ್ 5 ದೀಪವನ್ನು ಮೇಜಿನಿಂದ ಬರೀ 60 ಸೆಂಟಿಮೀಟರ್ ಮೇಲೆ ತೂಗಿಸುವುದು ರೂಢಿ. ಪದರ ಪದರವಾದ ಶೇಡು, ಯಾವ ಕಡೆಯಿಂದ ನೋಡಿದರೂ ಬಲ್ಬು ಕಾಣದು. ಮೇಜಿನ ಸುತ್ತ ಎಲ್ಲರೂ ಕೂತಿರುತ್ತಾರೆ, ಹಾಗಾಗಿ ಅಲ್ಲಿ ಅದು ಸರಿ. ಐಲ್ಯಾಂಡ್ ಮುಂದೆ ಅರ್ಧ ಜನ ನಿಂತಿರುತ್ತಾರೆ, ಅರ್ಧ ಜನ ಕೂತಿರುತ್ತಾರೆ. 60 ಸೆಂಟಿಮೀಟರಿಗೆ ಬಿಟ್ಟರೆ ಹಣೆಗೆ ಬಡಿಯುತ್ತದೆ ಅಷ್ಟೇ.

ಕೊನೆಗೆ ನಮಗೆ ಒಗ್ಗಿದ್ದು 33 ಇಂಚು. ಅಂಚು ನೆಲದಿಂದ 69ಕ್ಕೆ ಬರುತ್ತದೆ, ಮನೆಯವರ ಕಣ್ಣು ಅದರ ಅಡಿಯಿಂದ ಸಲೀಸಾಗಿ ದಾಟುತ್ತದೆ. ಅತ್ತೆಗೂ ಬಲ್ಬು ಚುಚ್ಚುವುದಿಲ್ಲ. ಆದರೆ ಈ 33 ರಾಡಿನ ದೀಪದಲ್ಲಿ ಬರುವ ಅಂಕಿಯೇ ಅಲ್ಲ.

ರಾಡು ನೋಡಲು ಚೆಂದ, ಅದನ್ನು ಒಪ್ಪುತ್ತೇನೆ. ನೆಟ್ಟಗೆ ನಿಲ್ಲುತ್ತದೆ. ಕಿಟಕಿ ಗಾಳಿಗೆ ಅಲ್ಲಾಡುವುದಿಲ್ಲ. ಒಂದು ಒದ್ದೆ ಬಟ್ಟೆ ಹಾಕಿ ಒರೆಸಿದರೆ ಜಿಡ್ಡು ಹೋಗುತ್ತದೆ. ಆದರೆ ಅದು ಬರುವುದು ತುಂಡು ತುಂಡಾಗಿ, ಒಂದಕ್ಕೊಂದು ತಿರುಪಿ ಜೋಡಿಸಬೇಕು. ನಮ್ಮ ಸೆಟ್ಟಿನಲ್ಲಿ ಪ್ರತಿ ದೀಪಕ್ಕೆ 12ರದ್ದು ಎರಡು, 6ರದ್ದು ಒಂದು. ಛಾವಣಿಗೆ ಕೂರುವ ಬಟ್ಟಲು ಒಂದು ಇಂಚು, ಹೋಲ್ಡರ್ ಸೇರಿ ಶೇಡು 11 ಇಂಚು. ಎಲ್ಲ ತುಂಡು ಹಾಕಿದರೆ ಕಟ್ಟೆಯಿಂದ 30 ಇಂಚು. 6ರ ತುಂಡು ತೆಗೆದರೆ 36. ನಡುವೆ ಏನೂ ಇಲ್ಲ. ಮೆಟ್ಟಿಲು ಹತ್ತಿದ ಹಾಗೆ, ಅರ್ಧ ಮೆಟ್ಟಿಲ ಮೇಲೆ ನಿಲ್ಲಲಾಗದು. ರಾಡನ್ನು ಕೊಯ್ದರೆ ತುದಿಯ ತಿರುಪಿನ ಎಳೆ ಹೋಗುತ್ತದೆ, ಮತ್ತೆ ಎಳೆ ಹಾಕಿಸಬೇಕು.

ಇದನ್ನಾದರೂ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಬೇರೆ.

ರಾಡಿನ ದೀಪ ಹಾಕಿ ಎರಡು ದಿನ ಆಗಿತ್ತು. ಸಂಜೆ ಹಾಲಿನಲ್ಲಿ ಕೂತು ನೋಡುತ್ತೇನೆ, ಏನೋ ಸರಿ ಇಲ್ಲ. ಏನು ಅಂತ ಹೇಳಲು ಬರುತ್ತಿಲ್ಲ. ಶೇಡು ಸೊಟ್ಟಗಿದೆಯಾ ಅಂತ ಹೋಗಿ ನೋಡಿದೆ, ನೆಟ್ಟಗಿದೆ. ಮರುದಿನ ಮಗಳು ಶಾಲೆಯಿಂದ ಬಂದವಳೇ ‘ಅಮ್ಮಾ, ದೀಪ ಎಲ್ಲ ಕಿಟಕಿ ಕಡೆ ಜಾರ್ತಾ ಇದೆ’ ಅಂದಳು. ಆಮೇಲೆ ನನಗೆ ಅದು ಬಿಟ್ಟು ಬೇರೇನೂ ಕಾಣಲಿಲ್ಲ.

ಟೇಪು ತಂದು ಅಳೆದೆ. ಕಟ್ಟೆಯಿಂದ ಮೊದಲನೇ ಶೇಡಿನ ಅಂಚಿಗೆ ಸರಿಯಾಗಿ 30 ಇಂಚು. ನಡುವಿನದು 7 ಮಿಲಿಮೀಟರ್ ಕಮ್ಮಿ. ಕಿಟಕಿ ಕಡೆಯದು 14 ಮಿಲಿಮೀಟರ್ ಕಮ್ಮಿ. ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ಮಧ್ಯದಲ್ಲೇ ನಿಂತಿದೆ. ತಪ್ಪು ಛಾವಣಿಯದು. 5 ಅಡಿ ದೂರದಲ್ಲಿ 14 ಮಿಲಿಮೀಟರ್ ಇಳಿಜಾರು. ಇಷ್ಟು ವರ್ಷ ಅದರ ಕೆಳಗೆ ಓಡಾಡಿದ್ದೇವೆ, ಯಾರಿಗೂ ಗೊತ್ತಾಗಿರಲಿಲ್ಲ. ಬರಿಯ ಛಾವಣಿಯಲ್ಲಿ ಇದು ಕಾಣುವುದೇ ಇಲ್ಲ. ಒಂದೇ ಉದ್ದದ ಮೂರು ರಾಡು ಇಳಿಬಿಟ್ಟಾಗ ಆ ಇಳಿಜಾರು ಹಾಗೇ ಕೆಳಗಿಳಿದು ಬಂದು, ಕಟ್ಟೆಯ ನೇರ ಅಂಚಿನ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿ ನೇರ ಗೆರೆ ಇದ್ದರೆ ಸೊಟ್ಟ ಗೆರೆ ಯಾರ ಕಣ್ಣಿಗೂ ಬೀಳುತ್ತದೆ ಅಲ್ವಾ?

ದೀಪ ಕೂರಿಸಿದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ‘ಬುಡದಲ್ಲಿ ತಿರುಗೋ ಕೀಲು ಇದೆಯಲ್ಲ ಮೇಡಂ, ಸರಿಹೋಗತ್ತೆ’ ಅಂದರು. ಕೀಲು ಇದ್ದದ್ದು ನಿಜ. ಅದರಿಂದಲೇ ರಾಡು ಸೊಟ್ಟಗಾಗದೆ ನೆಟ್ಟಗೆ ತೂಗುತ್ತಿತ್ತು. ಆದರೆ ಎತ್ತರದ ವ್ಯತ್ಯಾಸಕ್ಕೆ ಕೀಲು ಏನು ಮಾಡೀತು? ಕಿಟಕಿ ಕಡೆಯದನ್ನು ಮೇಲೆತ್ತಲು ಆಗದು, ಬಟ್ಟಲು ಆಗಲೇ ಛಾವಣಿಗೆ ತಾಗಿದೆ. ಉಳಿದ ಎರಡನ್ನು ಕೆಳಗಿಳಿಸಬೇಕು. ಅವುಗಳ ಬಟ್ಟಲಿನ ಮೇಲೆ ಪ್ಲೈವುಡ್ ಬಳೆ ಕೊಯ್ದು ಕೊಟ್ಟೆವು, ಒಂದಕ್ಕೆ 14 ಮಿಲಿಮೀಟರ್ ದಪ್ಪ, ಒಂದಕ್ಕೆ 7. ಬಿಳಿ ಬಣ್ಣವನ್ನೂ ಬಳಿದೆವು. ಶೇಡುಗಳು ಒಂದೇ ಸಾಲಿಗೆ ಬಂದವು, ಸರಿ. ಆದರೆ ಛಾವಣಿಯಲ್ಲಿ ಒಂದು ದೀಪ ದಪ್ಪ ಟೋಪಿ ಹಾಕಿಕೊಂಡಿದೆ, ಇನ್ನೊಂದು ತೆಳ್ಳನೆ ಟೋಪಿ, ಮೂರನೆಯದು ಬೋಳು ತಲೆ. ಮನೆಯವರು ಒಂದು ವಾರ ನಕ್ಕರು. ನನಗೆ ನಗು ಬರಲಿಲ್ಲ. ಮೂರರಲ್ಲಿ ದುಬಾರಿ ಸೆಟ್ಟು ಅದೇ ಆಗಿತ್ತು, ಪೊಟ್ಟಣ ಒಡೆದಿದ್ದರಿಂದ ವಾಪಸೂ ತೆಗೆದುಕೊಳ್ಳಲಿಲ್ಲ.

ರಾಡು ಇಳಿಸಿದ ಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ರಟ್ಟನ್ನು ಸುತ್ತಿ ಶೇಡಿನಷ್ಟೇ ಗಾತ್ರದ ಮೂರು ಡಬ್ಬಿ ಮಾಡಿ, ಟ್ವೈನ್ ದಾರದಲ್ಲಿ ಛಾವಣಿಗೆ ಕಟ್ಟಿದೆ. ನಾಲ್ಕು ದಿನ ಹಾಗೇ ಬಿಟ್ಟೆ. ದಿನಕ್ಕೊಂದು ಎತ್ತರ. ಎಲ್ಲರೂ ಅದರ ಮುಂದೆ ನಿಂತು, ಕೂತು, ಬಗ್ಗಿ ತಮ್ಮ ಕೆಲಸ ಮಾಡಿಕೊಂಡರು. 33 ಬಂದದ್ದು ಹೀಗೆ. ಖರ್ಚು ಅಂದರೆ ಬರೀ ದಾರ.

ಇನ್ನು ವೈರು. ಬಟ್ಟೆ ಹೊದಿಸಿದ ಕಪ್ಪು ವೈರು, ಹೋಲ್ಡರು, ಬಟ್ಟಲು ಇಷ್ಟು ಹೊಸದಾಗಿ ತಂದೆ. ರಾಡಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಶೇಡು ಲೋಹದ್ದು, ಹಾಗಾಗಿ ಅರ್ಥ್ ಸೇರಿ ಮೂರೆಳೆಯ ವೈರು ಬೇಕೇ ಬೇಕು, ಎರಡೆಳೆಯದು ಕೊಟ್ಟರೆ ಬೇಡ ಅನ್ನಿ. ಬಟ್ಟಲಿನ ತೂತಿನಲ್ಲಿ ವೈರನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ಬಿಗಿ ಇರುತ್ತದೆ. ಮೇನ್ ಸ್ವಿಚ್ ಆರಿಸಿ, ಅದನ್ನು ಸಡಿಲಿಸಿ, ಬೇಕಾದಷ್ಟು ವೈರು ಎಳೆದು ಮತ್ತೆ ಬಿಗಿ ಮಾಡಿದರೆ ಆಯಿತು. ಭಾರ ಆ ಬಿಗಿಯ ಮೇಲೇ ಕೂರಬೇಕು, ಒಳಗಿನ ಜೋಡಣೆಯ ಮೇಲಲ್ಲ.

ಈ ಸಲ ನಾನೇ ಏಣಿ ಪಕ್ಕ ನಿಂತೆ. ಛಾವಣಿಯಿಂದ ಕೆಳಗೆ ಅಳೆಯುವುದನ್ನು ಬಿಟ್ಟೆವು. ಕಟ್ಟೆಯ ಮೇಲೆ 33 ಇಂಚಿನ ಮರದ ಪಟ್ಟಿ ನೆಟ್ಟಗೆ ನಿಲ್ಲಿಸಿ, ಶೇಡಿನ ಅಂಚು ಅದರ ತಲೆಗೆ ತಾಗುವ ಹಾಗೆ ಒಂದೊಂದೇ ದೀಪ ಹೊಂದಿಸಿದೆವು. ಮೂರಕ್ಕೂ ಸೇರಿ ಇಪ್ಪತ್ತು ನಿಮಿಷ. ಈಗ ಕಿಟಕಿ ಕಡೆಯ ವೈರು ಉಳಿದವಕ್ಕಿಂತ ಗಿಡ್ಡ ಇದೆ. ಅದು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಯಾರೂ ವೈರಿನ ಉದ್ದ ನೋಡುವುದಿಲ್ಲ, ಶೇಡಿನ ಸಾಲು ನೋಡುತ್ತಾರೆ.

ವೈರಿನ ವಿಷಯದಲ್ಲಿ ಒಂದೇ ಒಂದು ಎಚ್ಚರ. ‘ಜಾಸ್ತಿ ಇರೋದನ್ನ ಕಟ್ ಮಾಡಿಬಿಡ್ಲಾ?’ ಅಂತ ಕೇಳುತ್ತಾರೆ. ಬೇಡ. ಒಂದಡಿಯನ್ನಾದರೂ ಬಟ್ಟಲಿನೊಳಗೆ ಸುತ್ತಿ ಬಚ್ಚಿಡಿ. ವೈರನ್ನು ಯಾವಾಗ ಬೇಕಾದರೂ ಕತ್ತರಿಸಬಹುದು, ಉದ್ದ ಮಾಡಲು ಬರುವುದಿಲ್ಲ. ತೂಗುವ ವೈರಿಗೆ ನಡುವೆ ಗಂಟು ಹಾಕಿ ಗಿಡ್ಡ ಮಾಡುವ ಉಪಾಯವೂ ಬೇಡ. ಬಟ್ಟಲು ತೀರಾ ತೆಳ್ಳಗಿದ್ದರೆ ಸುರುಳಿ ಹಿಡಿಸುವುದಿಲ್ಲ, ಕೊಳ್ಳುವಾಗಲೇ ಆಳ ನೋಡಿ.

ಕೊರತೆ ಇಲ್ಲವೇ ಅಂದರೆ ಇದೆ. ಗಾಳಿ ಜೋರಾದರೆ ತೂಗಾಡುತ್ತದೆ. ಬಟ್ಟೆಯ ವೈರಿಗೆ ಒಗ್ಗರಣೆ ಹೊಗೆಯ ಜಿಡ್ಡು ಹತ್ತಿದರೆ ಸುಲಭಕ್ಕೆ ಬಿಡದು. ಒಲೆ ಐಲ್ಯಾಂಡ್ ಮೇಲೇ ಇರುವವರು ನುಣುಪಾದ ಪ್ಲಾಸ್ಟಿಕ್ ಹೊದಿಕೆಯ ವೈರು ತೆಗೆದುಕೊಳ್ಳಲಿ, ಇಲ್ಲವೇ ರಾಡಿನ ಕಡೆ ಹೋಗಲಿ. ಪೊಟ್ಟಣದಲ್ಲಿ ಸುತ್ತಿಟ್ಟ ಮಡಿಕೆಗಳೂ ಬೇಗ ಹೋಗುವುದಿಲ್ಲ. ಶೇಡು ಭಾರ ಇದ್ದರೆ ಎಳೆದು ನೇರ ಮಾಡುತ್ತದೆ. ಕಾಗದದ ಶೇಡು, ಬೆತ್ತದ ಶೇಡು ಇದ್ದರೆ ವೈರು ಬಳ್ಳಿಯ ಹಾಗೆ ಸೊಟ್ಟಗೇ ಇರುತ್ತದೆ.

ರಾಟೆ ದೀಪದ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಹೆಚ್ಚುವಾಗ ಕೆಳಗೆ ಎಳೆದುಕೋ, ಮಾತಾಡುವಾಗ ಮೇಲೆ ದೂಡು, ಎಲ್ಲರ ಜಗಳವೂ ಮುಗಿಯಿತು ಅಂದುಕೊಂಡಿದ್ದೆ. ತಂದದ್ದು ಒಂದೇ ದೀಪ, ನಡುವಿನ ಜಾಗಕ್ಕೆ ಹಾಕಿದೆ. ನಮ್ಮದು ಎಂಥ ಮನೆ ಅಂದರೆ, ಅಲ್ಲಾಡುವ ವಸ್ತು ಕಂಡರೆ ಯಾರಾದರೂ ಅಲ್ಲಾಡಿಸಲೇಬೇಕು. ಅತ್ತೆ ಇಳಿಸುತ್ತಿದ್ದರು, ಮನೆಯವರು ಏರಿಸುತ್ತಿದ್ದರು, ಮಗಳು ಸುಮ್ನೆ ಎಳೆದು ಬಿಡುತ್ತಿದ್ದಳು. ಇಂಥವು ಮೂರಿದ್ದರೆ ಒಂದು ದಿನವೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ರಾಟೆಯ ಪ್ರತಿತೂಕವೋ ಸ್ಪ್ರಿಂಗೋ ಶೇಡಿನ ತೂಕಕ್ಕೆ ಸರಿಹೊಂದಿರಬೇಕು. ನನ್ನ ಭಾರದ ಶೇಡು ಹಾಕಿದೆ, ಬಿಟ್ಟ ಕಡೆ ನಿಲ್ಲದೆ ನಿಧಾನವಾಗಿ ಕೆಳಗೆ ಬಂತು. ಐಲ್ಯಾಂಡ್ ಮೇಲೆ ಒಂದೇ ದೊಡ್ಡ ದೀಪ ಸಾಕು ಅನ್ನುವವರಿಗೆ, ಅದೂ ಅದರದ್ದೇ ಶೇಡಿನ ಜೊತೆ, ಇದು ಬಲು ಒಳ್ಳೆಯದು. ತಂಗಿಯ ಮನೆಯಲ್ಲಿ ಹಾಗೇ ಇದೆ, ಅವಳು ಅದನ್ನು ಬಿಟ್ಟುಕೊಡಳು.

ನಿಮ್ಮ ಛಾವಣಿ ಒಂದೇ ಮಟ್ಟದಲ್ಲಿದ್ದು, ನಿಮಗೆ ಬೇಕಾದ ಎತ್ತರ ರಾಡಿನ ತುಂಡುಗಳ ಲೆಕ್ಕಕ್ಕೆ ಕೂತರೆ ರಾಡನ್ನೇ ಹಾಕಿ, ಬೇಡ ಅನ್ನುವುದಿಲ್ಲ. ಹೊಸ ಮನೆ, ಹೊಸ ಛಾವಣಿ ಇದ್ದರೂ ಒಮ್ಮೆ ರಸಮಟ್ಟ ಹಿಡಿದು ನೋಡಿ. ನನಗೆ ಮಾತ್ರ ವೈರೇ ಸರಿ. ಮಗಳು ಬೆಳೆಯುತ್ತಿದ್ದಾಳೆ, ಅಪ್ಪನ ಹಾಗೇ ಉದ್ದ ಆಗುವ ಲಕ್ಷಣ ಇದೆ. ನಾಲ್ಕು ವರ್ಷದಲ್ಲಿ 33 ಅವಳಿಗೆ ಸಾಲದೆ ಹೋದರೆ ಏಣಿ ಹತ್ತಿ ಒಂದಿಂಚು ಮೇಲಕ್ಕೆ ಎಳೆದರಾಯಿತು.

ನಡುವಿನ ದೀಪದ ವೈರಿನಲ್ಲಿ, ಬಟ್ಟಲಿನಿಂದ ಒಂದು ಗೇಣು ಕೆಳಗೆ, ಪೊಟ್ಟಣದ ಮಡಿಕೆ ಇನ್ನೂ ಹಾಗೇ ಇದೆ. ಮೂರು ತಿಂಗಳಾಯಿತು. ಮನೆಯವರಿಗೆ ಇನ್ನೂ ತೋರಿಸಿಲ್ಲ.