ಎಂಬತ್ತೈದು ಹುಡುಗರ ಹಾಜರಿ ಪುಸ್ತಕ

ವಿಡಿಯೊ ಆಟ: ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್ಬಾಲ್ 25, ಅಂದರೆ ಕಾಲೇಜು ತಂಡಗಳ ಅಮೆರಿಕನ್ ಫುಟ್ಬಾಲ್. ಆಡಿದ್ದು ಪ್ಲೇಸ್ಟೇಷನ್ 5ರಲ್ಲಿ. ಕೊಂಡದ್ದು 2024ರ ಜುಲೈನಲ್ಲಿ. ತಂಡ ಬಫಲೋ ವಿಶ್ವವಿದ್ಯಾಲಯದ ಬುಲ್ಸ್. ವರ್ಷದಿಂದ ವರ್ಷಕ್ಕೆ ತಂಡ ನಡೆಸುವ ಡೈನಾಸ್ಟಿ ವಿಭಾಗದಲ್ಲಿ ಈಗ ಹನ್ನೆರಡನೆಯ ಸೀಸನ್, ಅಂದರೆ ಆಟದ ಪಂಚಾಂಗದಲ್ಲಿ 2035.

ಹೊಸ ಸೀಸನ್ ಬಂದ ದಿನ ನಾನು ಪಂದ್ಯ ಆಡುವುದಿಲ್ಲ. ಒಂದು ಲೋಟ ಚಹಾ ಮಾಡಿಕೊಂಡು, ಇನ್ನೂರು ಪುಟದ ನೋಟ್‌ಬುಕ್ ತೆರೆದು, ರೋಸ್ಟರ್, ಅಂದರೆ ತಂಡದ ಪಟ್ಟಿಯ ಪರದೆಯನ್ನು ನೋಡುತ್ತಾ ಎಂಬತ್ತೈದು ಹುಡುಗರ ಹೆಸರು, ನಂಬರು, ತರಗತಿ ಬರೆದುಕೊಳ್ಳುತ್ತಾ ಕೂರುತ್ತೇನೆ. ಎರಡು ಸಂಜೆ ಹಿಡಿಯುತ್ತದೆ. ದಾವಣಗೆರೆಯಿಂದ ವಿಡಿಯೊ ಕರೆ ಮಾಡಿದ ಅಪ್ಪ ಒಮ್ಮೆ ಆ ಪುಟವನ್ನು ನೋಡಿದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. "ಇದು ನನ್ನ ಹಾಜರಿ ಪುಸ್ತಕವೇ ಅಲ್ಲವೇನೋ? ಈ ವರ್ಷ ಎಷ್ಟು ಮಂದಿ ಪಾಸಾಗಿ ಹೋಗುತ್ತಾರೆ?" ಎಂದು ಕೇಳಿದರು. ಇಪ್ಪತ್ತೊಂದು ಎಂದೆ. "ಹಾಗಾದರೆ ಮುಂದಿನ ವರ್ಷ ನಿನಗೆ ಕಷ್ಟ" ಎಂದರು. ಅಮೆರಿಕನ್ ಫುಟ್ಬಾಲಿನ ಒಂದು ನಿಯಮವೂ ಗೊತ್ತಿಲ್ಲದ ಮನುಷ್ಯ ಈ ಆಟದ ಮರ್ಮವನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಟ್ಟರು.

ವಿಷಯ ಇಷ್ಟೇ. ಕಾಲೇಜು ತಂಡದಲ್ಲಿ ಯಾರೂ ಉಳಿಯುವುದಿಲ್ಲ. ಈ ಆಟದಲ್ಲಿ ಒಬ್ಬ ಹುಡುಗನಿಗೆ ಆಡಲು ನಾಲ್ಕು ಸೀಸನ್. ಒಂದು ವರ್ಷ ನಾಲ್ಕಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಇಳಿಸದೆ ಕೂರಿಸಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಅವನು ಐದನೆಯ ವರ್ಷಕ್ಕೂ ದಕ್ಕುತ್ತಾನೆ. ಅದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. ಹೊಸಬರನ್ನು ಹೈಸ್ಕೂಲುಗಳಿಂದ ಪುಸಲಾಯಿಸಿ ತರಬೇಕು, ಹಳಬರು ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಬಾಗಿಲಿನಿಂದ ಬೇರೆ ಕಾಲೇಜಿಗೆ ಹೋಗದಂತೆ ನೋಡಿಕೊಳ್ಳಬೇಕು. ಡೈನಾಸ್ಟಿ ವಿಭಾಗದಲ್ಲಿ ನೀವು ಕೋಚ್ ಆಗಿ ಈ ಸಂಸಾರವನ್ನು ಮೂವತ್ತು ಸೀಸನ್‌ವರೆಗೆ ನಡೆಸಬಹುದು.

ಈ ಆಟಕ್ಕಾಗಿ ಜನ ಹನ್ನೊಂದು ವರ್ಷ ಕಾದಿದ್ದರು. ಹಿಂದಿನ ಸರಣಿಯ ಕೊನೆಯ ಆವೃತ್ತಿ ಬಂದದ್ದು 2013ರಲ್ಲಿ. ತನ್ನ ರೂಪವನ್ನು ಆಟದಲ್ಲಿ ಬಳಸಿಕೊಂಡು ತನಗೆ ಬಿಡಿಗಾಸೂ ಕೊಟ್ಟಿಲ್ಲವೆಂದು ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ 2009ರಲ್ಲಿ ಹೂಡಿದ ಮೊಕದ್ದಮೆಯಿಂದ ಆ ಸರಣಿ ನಿಂತಿತು. 2021ರ ಜುಲೈನಲ್ಲಿ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದಾದ ಮೇಲೆ ದಾರಿ ತೆರೆಯಿತು. ಒಪ್ಪಿದ ಪ್ರತಿ ಆಟಗಾರನಿಗೆ 600 ಡಾಲರ್ ಮತ್ತು ಆಟದ ಒಂದು ಪ್ರತಿ. ಹಾಗೆ 134 ತಂಡಗಳು ನಿಜವಾದ ಹುಡುಗರೊಂದಿಗೆ ಪರದೆಗೆ ಮರಳಿದವು.

ಎಲ್ಲರೂ ಅಲಬಾಮಾ, ಜಾರ್ಜಿಯಾ ಎಂದು ಓಡುವಾಗ ಬಫಲೋ ಏಕೆ ಎಂದರೆ, ನಾನು ಎಂಎಸ್ ಮಾಡಿದ್ದು ಅಲ್ಲಿ. ಓದುತ್ತಿದ್ದಾಗ ಕ್ರೀಡಾಂಗಣದ ಒಳಗೆ ಕಾಲಿಟ್ಟದ್ದು ಎರಡೇ ಸಲ, ಎರಡು ಸಲವೂ ಚಳಿಗೆ ಹೆದರಿ ಅರ್ಧಕ್ಕೇ ಎದ್ದು ಬಂದಿದ್ದೆ. ಮಿಡ್-ಅಮೆರಿಕನ್ ಕಾನ್ಫರೆನ್ಸಿನ ತಂಡವಿದು. ಶನಿವಾರದ ಟಿವಿ ದೊಡ್ಡವರ ಪಾಲಾದ್ದರಿಂದ ನವೆಂಬರಿನಲ್ಲಿ ಮಂಗಳವಾರ, ಬುಧವಾರ ರಾತ್ರಿ ಹಿಮದಲ್ಲಿ ಆಡುವ ಗುಂಪು. ದೊಡ್ಡ ತಂಡದಲ್ಲಿ ರೋಸ್ಟರ್ ನೋಡುವುದೆಂದರೆ ಶ್ರೀಮಂತರ ಮನೆಯ ಉಗ್ರಾಣ ನೋಡಿದಂತೆ, ಎಲ್ಲವೂ ಇರುತ್ತದೆ. ಬಡ ತಂಡದಲ್ಲಿ ಡಬ್ಬದ ತಳ ಕೆರೆದು ನೋಡಬೇಕು. ಆಟದ ಸ್ವಾರಸ್ಯ ಇರುವುದು ಆ ಕೆರೆಯುವುದರಲ್ಲಿ.

ಬಫಲೋಗೂ ಈ ಜಾತಿಯ ಆಟಗಳಿಗೂ ಒಂದು ಹಳೆಯ ಲೆಕ್ಕವಿದೆ. ಖಲೀಲ್ ಮ್ಯಾಕ್ ಅಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಎರಡನೆಯ ಸಾಲಿನ ಆಟಗಾರ, ಆಗಿದ್ದ ಕಾಲದಲ್ಲಿ ಹಿಂದಿನ ಸರಣಿಯ ಆಟವೊಂದು ಅವನಿಗೆ ನೂರಕ್ಕೆ 46 ಅಂಕ ಕೊಟ್ಟಿತ್ತು. ಅವನು ಅದೇ 46ನ್ನು ಬೆನ್ನಿನ ಮೇಲೆ ಹಾಕಿಕೊಂಡು ಆಡಿದ. 2014ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಕಾಲೇಜು ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ ಐದನೆಯವನಾಗಿ ಆಯ್ಕೆಯಾದ, 2016ರಲ್ಲಿ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿಕೊಂಡ. ನನ್ನ ಡೈನಾಸ್ಟಿಯಲ್ಲಿ ಇದೊಂದು ಸಂಪ್ರದಾಯವೇ ಆಗಿದೆ: 46 ಖಾಲಿಯಾದಾಗಲೆಲ್ಲ ಹೊಸ ಲೈನ್‌ಬ್ಯಾಕರ್‌ಗಳಲ್ಲಿ ಅತಿ ಕಡಿಮೆ ಅಂಕದವನಿಗೆ ಆ ನಂಬರು.

ರೋಸ್ಟರ್ ಓದುವುದನ್ನು ನಾನು ಕಲಿತದ್ದು ಒಂದು ಅವಮಾನದಿಂದ. 2029ರ ಸೀಸನ್‌ಗೆ ಮೊದಲು ಮೇಲಿನ ಇಪ್ಪತ್ತೆರಡು ಹೆಸರನ್ನು ಮಾತ್ರ ನೋಡಿ, ಎಲ್ಲ 80ರ ಮೇಲಿದ್ದಾರೆಂದು ಬೀಗಿ, ಪಂದ್ಯಕ್ಕಿಳಿದೆ. ಮೂರನೆಯ ವಾರ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಭುಜಕ್ಕೆ ಪೆಟ್ಟು ಮಾಡಿಕೊಂಡ. ಬದಲಿ ಯಾರೆಂದು, ಯಾರ ಹಿಂದೆ ಯಾರು ಎಂದು ಹೇಳುವ ಡೆಪ್ತ್ ಚಾರ್ಟ್ ತೆರೆದರೆ 58 ಅಂಕದ ಮೊದಲ ವರ್ಷದ ಹುಡುಗ ನಿಂತಿದ್ದಾನೆ! ಎರಡನೆಯವನೂ ಮೂರನೆಯವನೂ ಚಳಿಗಾಲದಲ್ಲೇ ಪೋರ್ಟಲ್ ದಾಟಿ ಹೋಗಿದ್ದರು. ಇಬ್ಬರ ಕಾರ್ಡಿನಲ್ಲೂ ತಂಡದಲ್ಲಿ ಉಳಿಯಲು ಅವರ ಪಟ್ಟು ಏನೆಂದು ಸ್ಪಷ್ಟವಾಗಿ ಬರೆದಿತ್ತು: ಆಡಲು ಅವಕಾಶ. ನಾನು ಕೊಟ್ಟಿರಲಿಲ್ಲ, ಅವರು ಹೋದರು. ಆಟ ಎಚ್ಚರಿಸಿರಲಿಲ್ಲವೆಂದಲ್ಲ, ನಾನು ಗುಂಡಿ ಒತ್ತುತ್ತಾ ಪರದೆಗಳನ್ನು ದಾಟಿಸಿದ್ದೆ. ಆ ವರ್ಷ ಏಳು ಸೋಲು. ತಲೆಯ ಮೇಲೆ ಕೈ ಹೊತ್ತು ಕೂತವನು ಮರುದಿನ ನೋಟ್‌ಬುಕ್ ಕೊಂಡು ತಂದೆ.

ಆಮೇಲಿನಿಂದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಹೆಸರಿನ ಪಕ್ಕ ದೊಡ್ಡದಾಗಿ ಕಾಣುವ ಒಟ್ಟು ಅಂಕವನ್ನು ಕೊನೆಗೆ ಬರೆಯುತ್ತೇನೆ. ಮೊದಲು ತರಗತಿ, ಆಮೇಲೆ ಬೆಳವಣಿಗೆಯ ಗುಣ. ಇದರಲ್ಲಿ ನಾರ್ಮಲ್, ಇಂಪ್ಯಾಕ್ಟ್, ಸ್ಟಾರ್, ಎಲೀಟ್ ಎಂಬ ನಾಲ್ಕು ಮೆಟ್ಟಿಲುಗಳಿವೆ. ಎರಡನೆಯ ವರ್ಷದ 70 ಅಂಕದ ಎಲೀಟ್ ಹುಡುಗ ಕೊನೆಯ ವರ್ಷದ 79ರ ನಾರ್ಮಲ್ ಹುಡುಗನಿಗಿಂತ ದೊಡ್ಡ ಆಸ್ತಿ. ಇದರ ಜೊತೆಗೆ ಪ್ರತಿಯೊಬ್ಬನ ಕೌಶಲಗಳಿಗೂ ಒಂದೊಂದು ಮಿತಿ ಇದೆ. ಕೆಲವರು ಎಷ್ಟು ತರಬೇತಿ ಕೊಟ್ಟರೂ ಒಂದು ಗೆರೆಯ ಆಚೆ ಹೋಗುವುದಿಲ್ಲ. ಕಾರ್ಡಿನಲ್ಲಿ ಅದನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ. ಹದಿನೆಂಟರ ಹುಡುಗನ ಜಾತಕವನ್ನು ಅವನಿಗಿಂತ ಮೊದಲು ನಾನು ಓದಿದಂತೆ.

ನನಗೆ ಬೇಕಾದ ಒಂದು ನೋಟ ಮಾತ್ರ ಈ ಆಟದಲ್ಲಿ ಸಿಗಲಿಲ್ಲ: ಈ ವರ್ಷದ ತಂಡ ಎಡಕ್ಕೆ, ಇವರಲ್ಲಿ ಹೋಗುವವರನ್ನು ಕಳೆದು ಮುಂದಿನ ವರ್ಷದ ತಂಡ ಬಲಕ್ಕೆ, ಒಂದೇ ಹಾಳೆಯಲ್ಲಿ. ಯಾವ ಜಾಗಕ್ಕೆ ಎಷ್ಟು ಮಂದಿ ಬೇಕೆಂದು ಆಟ ಹೇಳುತ್ತದೆ, ಆದರೆ ಸಂಖ್ಯೆ ಮಾತ್ರ. ಉಳಿಯುವವರು ಕೆಲಸಕ್ಕೆ ಬರುವವರೋ ಅಲ್ಲವೋ ಎಂದು ನಾವೇ ಒಬ್ಬೊಬ್ಬರ ಕಾರ್ಡನ್ನೂ ತೆರೆದು ನೋಡಬೇಕು. ಪರದೆಯಿಂದ ಪರದೆಗೆ ಅಲೆದಾಟ. ಎಂಬತ್ತೈದು ಸಲ ತೆರೆದು ಮುಚ್ಚುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ.

ಈಗ 2035ರ ಪಟ್ಟಿ.

ಕ್ವಾರ್ಟರ್‌ಬ್ಯಾಕ್ ನಾಲ್ವರು. ಮೊದಲನೆಯವನು ಪೋರ್ಟಲ್‌ನಿಂದ ಬಂದ ನಾಲ್ಕನೆಯ ವರ್ಷದವನು, 84. ತೋಳಿನಲ್ಲಿ ಬಲವಿದೆ, ಕಾಲಿನಲ್ಲಿ ಇಲ್ಲ. ಎರಡನೆಯವನು 73, ಪಟ್ಟು ಮತ್ತೆ ಅದೇ, ಆಡಲು ಅವಕಾಶ. ಹಾಗಾಗಿ ಗೆದ್ದ ಪಂದ್ಯಗಳ ಕೊನೆಯ ಭಾಗವನ್ನು ಅವನಿಗೇ ಬಿಟ್ಟುಕೊಡುತ್ತೇನೆಂದು ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ. ಓಟಗಾರರ ಬಗ್ಗೆ ಚಿಂತೆಯಿಲ್ಲ, ಮೂವರೂ ಹಳಬರು. ಪೆಟ್ಟು ಬಿದ್ದಷ್ಟೂ ದೇಹ ಸವೆಯುವ ಲೆಕ್ಕ ಈ ಆಟದಲ್ಲಿರುವುದರಿಂದ ಒಬ್ಬನನ್ನೇ ಗಾಣದೆತ್ತಿನಂತೆ ದುಡಿಸುವ ಹಾಗಿಲ್ಲ, ಅಷ್ಟೇ.

ಎದೆ ಹಾರುವುದು ಕ್ವಾರ್ಟರ್‌ಬ್ಯಾಕನ್ನು ಕಾಯುವ ಮುಂಚೂಣಿಯ ಸಾಲಿನಲ್ಲಿ, ಅಂದರೆ ಟ್ಯಾಕಲ್, ಗಾರ್ಡ್‌ಗಳಲ್ಲಿ. ಎಡಗಡೆಯ ಟ್ಯಾಕಲ್ 88, ಐದನೆಯ ವರ್ಷ. ಕಳೆದ ಚಳಿಗಾಲ ಎನ್‌ಎಫ್‌ಎಲ್‌ಗೆ ಹೊರಟಿದ್ದವನನ್ನು ಓಲೈಸಿ ನಿಲ್ಲಿಸಿಕೊಂಡೆ. ಉಳಿಯುತ್ತೇನೆಂದು ಅವನು ಒಪ್ಪಿದಾಗ ಮಧ್ಯರಾತ್ರಿ ಒಬ್ಬನೇ ಚಪ್ಪಾಳೆ ತಟ್ಟಿದ್ದೆ. ಆದರೆ ಬಲಗಡೆಯ ಗಾರ್ಡ್ 69. ಅವನ ಹಿಂದೆ 66, ಅವನ ಹಿಂದೆ ಯಾರೂ ಇಲ್ಲ. ಮೂರು ವರ್ಷದ ಹಿಂದೆ ಗಾರ್ಡ್‌ಗಳನ್ನು ಆರಿಸದೆ, ಎಸೆದ ಚೆಂಡು ಹಿಡಿಯುವ ವೇಗದ ರಿಸೀವರ್‌ಗಳ ಬೆನ್ನು ಹತ್ತಿದ ಪಾಪ ಈಗ ಫಲ ಕೊಡುತ್ತಿದೆ. ಈ ಆಟದಲ್ಲಿ ತಪ್ಪಿಗೂ ಶಿಕ್ಷೆಗೂ ನಡುವೆ ಎರಡು ಮೂರು ವರ್ಷದ ಅಂತರವಿರುತ್ತದೆ. ಅದು ನನಗೆ ಬಹಳ ಹಿಡಿಸಿದ ಗುಣ.

ರಕ್ಷಣೆಯ ಸಾಲಿನ ನಡುವೆ ನಿಲ್ಲುವ ಟ್ಯಾಕಲ್‌ಗೆ ನಾನಿಟ್ಟ ಹೆಸರು ಬಸವ. ತಂಡದ ಹೆಸರೇ ಬುಲ್ಸ್, ಹುಡುಗನೂ ಹಾಗೇ ಇದ್ದಾನೆ, ತಳ್ಳಿದರೆ ಅಲುಗುವುದಿಲ್ಲ. ಮೂರು ತಾರೆಯ ಹುಡುಗನೆಂದು ಎಲ್ಲರೂ ಬಿಟ್ಟಿದ್ದರು. ಹುಡುಗರನ್ನು ಹುಡುಕಲು ಆಟ ಕೊಡುವ ಗಂಟೆಗಳಲ್ಲಿ ಒಂದಿಷ್ಟು ಖರ್ಚು ಮಾಡಿ ಪರೀಕ್ಷಿಸಿದಾಗ ಹೆಸರಿನ ಪಕ್ಕ ಹಸಿರು ರತ್ನ ಹೊಳೆಯಿತು, ಅಂದರೆ ತಾರೆಗಳು ಹೇಳುವುದಕ್ಕಿಂತ ಒಳ್ಳೆಯವನು. ಅದೇ ಪರೀಕ್ಷೆಯಲ್ಲಿ ನಾಲ್ಕು ತಾರೆಯ ಎಷ್ಟೋ ಹುಡುಗರು ಕೆಂಪು ಗುರುತು ಪಡೆದು ಟೊಳ್ಳೆಂದು ಗೊತ್ತಾಗುತ್ತದೆ.

46ನೆಯ ನಂಬರಿನವನ ಕಥೆ ಬೇರೆ. ಅವನು ಬಂದದ್ದು 2033ರಲ್ಲಿ, 54 ಅಂಕದೊಂದಿಗೆ. 2034ರ ಬೇಸಿಗೆಯಲ್ಲಿ ನನ್ನ ಬಳಿ ಎಂಬತ್ತೊಂಬತ್ತು ಮಂದಿ ಆಗಿದ್ದರು, ಮಿತಿ ಎಂಬತ್ತೈದು. ನಿಜ ಜಗತ್ತಿನಲ್ಲೂ ಫುಟ್ಬಾಲ್ ವಿದ್ಯಾರ್ಥಿವೇತನಗಳ ಮಿತಿ ಅಷ್ಟೇ ಇತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಅದು ಹೋಗಿ 105 ಆಟಗಾರರ ತಂಡ ಎಂದಾಯಿತು. ಆಟದಲ್ಲಿ ಮಾತ್ರ ನಾಲ್ವರಿಗೆ ಬೇರೆ ದಾರಿ ನೋಡಿಕೊಳ್ಳಿ ಎಂದು ಹೇಳಲೇಬೇಕಾಗಿತ್ತು. ಪಟ್ಟಿಯ ತಳದಲ್ಲಿದ್ದವನು 46. ಸೋಫಾದ ಇನ್ನೊಂದು ತುದಿಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ, "ಏನು ಅಷ್ಟು ಹೊತ್ತಿನಿಂದ ಒಂದೇ ಹೆಸರು ನೋಡುತ್ತಿದ್ದೀರಿ?" ಎಂದಳು. ವಿಷಯ ಹೇಳಿದೆ. "ಪಾಪ, ಎರಡನೇ ವರ್ಷದಲ್ಲೇ ಕಳಿಸುತ್ತೀರಾ? ನೀವು ಮೊದಲ ಸೆಮಿಸ್ಟರಿನಲ್ಲಿ ಎಷ್ಟು ತೆಗೆದಿದ್ದಿರಿ?" ಎಂದಳು. ನನ್ನ ಮೊದಲ ಸೆಮಿಸ್ಟರಿನ ಅಂಕಗಳ ವಿಚಾರ ಇಲ್ಲಿ ಬೇಡ. 46ನ್ನು ಉಳಿಸಿಕೊಂಡು 72 ಅಂಕದ ರಿಸೀವರ್ ಒಬ್ಬನನ್ನು ಕಳಿಸಿದೆ. ನವೆಂಬರಿನಲ್ಲಿ ಇಬ್ಬರು ರಿಸೀವರ್‌ಗಳು ಗಾಯಗೊಂಡು, ಟೊಲೀಡೋ ಎದುರು ಚೆಂಡು ಹಿಡಿಯಲು ಕೈ ಸಾಲದೆ ಸೋತೆವು.

ಅಂಕಗಳನ್ನು ನಂಬದಿರಲು ನಿಜವಾದ ಬಫಲೋ ತಂಡವೂ ಕಾರಣ. ನಾನು ಆಟ ಕೊಂಡ ಅದೇ 2024ರ ಸೀಸನ್‌ನಲ್ಲಿ ಆ ತಂಡ ಒಂಬತ್ತು ಪಂದ್ಯ ಗೆದ್ದಿತು, ಸೀಸನ್ ಕೊನೆಯ ಬಹಾಮಾಸ್ ಬೌಲ್ ಪಂದ್ಯದಲ್ಲಿ ಲಿಬರ್ಟಿ ತಂಡವನ್ನು 26-7ರಿಂದ ಸೋಲಿಸಿತು. ಲೈನ್‌ಬ್ಯಾಕರ್ ಶಾನ್ ಡೋಲಾಕ್ 168 ಟ್ಯಾಕಲ್ ಮಾಡಿ, ಅಂದರೆ ಚೆಂಡು ಹಿಡಿದವರನ್ನು ಕೆಡವಿ, ದೇಶಕ್ಕೇ ಮೊದಲಿಗನಾದ. ನನ್ನ ಪರದೆಯ ಬಫಲೋ ಆ ವರ್ಷ ಗೆದ್ದದ್ದು ಐದೇ ಪಂದ್ಯ.

ಉಳಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಂದ್ಯಗಳು ಚೆನ್ನಾಗಿವೆ. ದೊಡ್ಡ ಕ್ರೀಡಾಂಗಣದಲ್ಲಿ ಎದುರಾಳಿಯ ಜನ ಕೂಗಿದರೆ ಪರದೆ ನಡುಗುತ್ತದೆ, ಯಾರು ಎತ್ತ ಓಡಬೇಕೆಂದು ತೋರಿಸುವ ಗೆರೆಗಳು ಡೊಂಕಾಗುತ್ತವೆ. ಹಣ ಸುರಿದು ಕಾರ್ಡು ಕೂಡಿಸುವ ವಿಭಾಗವೂ ಒಂದಿದೆ, ಅತ್ತ ತಲೆ ಹಾಕಿಲ್ಲ. ನಾನು ಕೊಟ್ಟದ್ದು 69.99 ಡಾಲರ್ ಮತ್ತು ತೆರಿಗೆ. ಹನ್ನೆರಡು ಸೀಸನ್‌ಗೆ ಹಂಚಿದರೆ ವರ್ಷಕ್ಕೆ ಒಂದು ಮಸಾಲೆ ದೋಸೆಯ ಬೆಲೆಯೂ ಅಲ್ಲ, ಅಮೆರಿಕದ ಮಸಾಲೆ ದೋಸೆಯದ್ದು. ಐದು ಸೀಸನ್ ದಾಟುವಷ್ಟರಲ್ಲಿ ನಿಜವಾದ ಆಟಗಾರರೆಲ್ಲ ಹೋಗಿ ಆಟವೇ ಹುಟ್ಟಿಸಿದ ಹುಡುಗರು ತುಂಬಿಕೊಳ್ಳುತ್ತಾರೆ. ಕೆಲವರಿಗೆ ಅಲ್ಲಿಗೆ ಆಸಕ್ತಿ ಮುಗಿಯುತ್ತದೆ. ನನಗೆ ಶುರುವಾದದ್ದೇ ಅಲ್ಲಿಂದ, ಏಕೆಂದರೆ ಅವರನ್ನು ನನ್ನ ಹೊರತು ಇನ್ನಾರೂ ಬಲ್ಲವರಿಲ್ಲ.

2025ರ ಜುಲೈನಲ್ಲಿ ಕಾಲೇಜ್ ಫುಟ್ಬಾಲ್ 26 ಬಂತು. ತಂಡಗಳು 136 ಆದವು, ನಿಜವಾದ ಕೋಚ್‌ಗಳು ಬಂದರು, ಗೆಳೆಯರೆಲ್ಲ ದಾಟಿದರು. ಹಳೆಯ ಡೈನಾಸ್ಟಿಯನ್ನು ಅದರೊಳಗೆ ಒಯ್ಯಲು ಬರುವುದಿಲ್ಲ. ಹೊಸದಾಗಿ ಕೊಳ್ಳುವವರು 26ನ್ನೇ ಕೊಳ್ಳಲಿ, ನಾನು ಬೇಡವೆನ್ನುವುದಿಲ್ಲ. ಪಂದ್ಯ ಮಾತ್ರ ಆಡಬೇಕೆನ್ನುವವರಿಗೆ, ಮೆನುಗಳೆಂದರೆ ಮೈ ಉರಿಯುವವರಿಗೆ ಡೈನಾಸ್ಟಿ ಹೇಳಿ ಮಾಡಿಸಿದ್ದಲ್ಲ.

ತರಬೇತಿಯ ಫಲಿತಾಂಶ ನಿನ್ನೆ ಬಂತು. 46ನೆಯ ನಂಬರಿನವನು ಈಗ 67. ಮೂರನೆಯ ವರ್ಷ, ಡೆಪ್ತ್ ಚಾರ್ಟಿನಲ್ಲಿ ಮೂರನೆಯ ಸಾಲು. ಮೊದಲ ಪಂದ್ಯ ಮಿಷಿಗನ್ ಎದುರು, 1,07,601 ಜನ ಹಿಡಿಯುವ ಅವರ ಕ್ರೀಡಾಂಗಣದಲ್ಲಿ. ಕಿಕ್‌ಆಫ್ ತಂಡದ ಎಡ ಅಂಚಿನಲ್ಲಿ ಅವನ ಹೆಸರು ಬರೆದು, ಅಪ್ಪ ಮಾಡುತ್ತಿದ್ದ ಹಾಗೆ ಪಕ್ಕದಲ್ಲಿ ಒಂದು ಸಣ್ಣ ಗೀಟು ಹಾಕಿದ್ದೇನೆ: ಹಾಜರ್.