ಮೋಹರ್‌ನ ಕಪ್ಪು ಗೋಡೆಯೋ, ಸೆವೆನ್ ಸಿಸ್ಟರ್ಸ್‌ನ ಬಿಳಿ ಗೋಡೆಯೋ?

ಕಡಲಂಚಿನ ಕಡಿದಾದ ಬಂಡೆ ನೋಡಲು ಒಂದೇ ಕಡೆ ಹೋಗಬಹುದು ಅಂತಾದರೆ ಐರ್ಲೆಂಡಿನ ಮೋಹರ್‌ಗೋ, ಇಂಗ್ಲೆಂಡಿನ ಸೆವೆನ್ ಸಿಸ್ಟರ್ಸ್‌ಗೋ?

ಎತ್ತರವೇ ಮುಖ್ಯ ಅನ್ನುವವರಿಗೆ ಮೋಹರ್. ಅದರ ಅತಿ ಎತ್ತರದ ಜಾಗ 214 ಮೀಟರ್, ಉದ್ದ ಸುಮಾರು 14 ಕಿಲೋಮೀಟರ್. 30 ಕೋಟಿ ವರ್ಷಕ್ಕೂ ಹಿಂದೆ ನದಿ ಕಡಲಿಗೆ ತಂದು ಸುರಿದ ಮರಳು, ಕೆಸರು ಇಲ್ಲಿ ಕಲ್ಲಾಗಿವೆ. ಕೆಸರಿನ ಪದರ ಬೇಗ ಸವೆಯುತ್ತದೆ. ಗಟ್ಟಿ ಮರಳುಗಲ್ಲು ಅಟ್ಟದ ಹಾಗೆ ಚಾಚಿ ನಿಲ್ಲುತ್ತದೆ. ಕಡಲಹಕ್ಕಿಗಳು ಗೂಡು ಕಟ್ಟುವುದು ಆ ಅಟ್ಟಗಳ ಮೇಲೇ. ದಾರಿಬದಿಯ ಹಾಸುಗಲ್ಲುಗಳನ್ನು ಸ್ವಲ್ಪ ಬಗ್ಗಿ ನೋಡಿ. ಅಂಕುಡೊಂಕು ಗೆರೆಗಳು ಕಾಣುತ್ತವೆ. ಆ ಕೆಸರಲ್ಲಿ ತೆವಳಿದ ಜೀವಿಗಳ ಜಾಡು ಅವು! ಎಷ್ಟು ಸೊಗಸು, ಅಲ್ವಾ?

ಸೆವೆನ್ ಸಿಸ್ಟರ್ಸ್ ಎತ್ತರದಲ್ಲಿ ಕಡಿಮೆ, ವಯಸ್ಸಲ್ಲೂ ಚಿಕ್ಕದು. ಇದು ಸೀಮೆಸುಣ್ಣದ ಬೆಟ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಪಾಚಿಗಳ ಚಿಪ್ಪು ಕೋಟ್ಯಂತರ ವರ್ಷ ತಳದಲ್ಲಿ ಕೂತು ಆದದ್ದು. ಬೆರಳು ಸವರಿದರೆ ಬಿಳಿ ಪುಡಿ ಅಂಟುತ್ತದೆ. ನಡುನಡುವೆ ಚಕಮಕಿ ಕಲ್ಲಿನ ಕಪ್ಪು ಸಾಲುಗಳಿವೆ. ಅಲೆ ಬುಡವನ್ನು ಕೊರೆಯುತ್ತದೆ, ಆಸರೆ ತಪ್ಪಿದ ಮೇಲ್ಭಾಗ ಕುಸಿಯುತ್ತದೆ. ಹಾಗಾಗಿಯೇ ಗೋಡೆ ಯಾವಾಗಲೂ ನೆಟ್ಟಗೆ, ಬೆಳ್ಳಗೆ ಇರುತ್ತದೆ.

ಸುಮ್ನೆ ನಿಂತು ಬೆರಗಾಗಬೇಕಾ? ಮೋಹರ್‌ಗೆ ಹೋಗಿ. ಕಡಲು ನೆಲವನ್ನು ಹೇಗೆ ತಿನ್ನುತ್ತದೆ ಅಂತ ಹತ್ತಿರದಿಂದ ತಿಳಿಯಬೇಕಾದರೆ ಸೆವೆನ್ ಸಿಸ್ಟರ್ಸೇ ಸರಿ. ನನ್ನ ಓಟು ಇದಕ್ಕೇ. ಆದರೆ ಅಂಚಿನಲ್ಲಾಗಲಿ ಬುಡದಲ್ಲಾಗಲಿ ಕೂರಬೇಡಿ. ಸೀಮೆಸುಣ್ಣ ಮುನ್ಸೂಚನೆ ಕೊಡದೆ ಕುಸಿಯುತ್ತದೆ.