ಹ್ಯಾಂಡ್‌ಮೇಡ್ ಪೋರ್ಸಲೇನ್ ಟೀಪಾಟ್ ಅಂದ್ರೆ ನಂಬ್ಕೊಂಡು ದುಡ್ಡು ಹಾಕ್ಬೇಡಿ

ತಿಗರಿ ಮೇಲೆ ಮಾಡಿದ್ದು, ಹೂವು ಕೈಯಲ್ಲೇ ಬಿಡಿಸಿದ್ದು, ಒಂದರ ಹಾಗೆ ಇನ್ನೊಂದು ಇರಲ್ಲ ಅಂತೆಲ್ಲ ಬರ್ಕೊಂಡು ಆನ್‌ಲೈನಲ್ಲಿ ಟೀಪಾಟ್ ಮಾರೋರಿದಾರಲ್ಲ, ದಯವಿಟ್ಟು ಹುಷಾರು. ಟೈಪ್ ಮಾಡೋವಾಗ್ಲೂ ಮೈ ಉರೀತಿದೆ.

ದಿನಾ ಟೀ ಮಾಡೋಕೆ ಬೇಕು, ಶೋಕೇಸ್‌ಗಲ್ಲ ಅಂತ ಆರ್ಡರ್ ಮಾಡೋ ಮುಂಚೇನೇ ಬಿಡಿಸಿ ಹೇಳಿದ್ದೆ. "ಆರಾಮಾಗಿ ಕುದಿಯೋ ನೀರು ಹಾಕಿ ಮೇಡಂ" ಅಂದಿದ್ರು. ಬಂತು. ಬಗ್ಗಿಸಿದ್ರೆ ಅರ್ಧ ಟೀ ಕಪ್ಪಿಗೆ, ಇನ್ನರ್ಧ ಮೂತಿ ಕೆಳಗಿಂದ ಇಳಿದು ಟೇಬಲ್‌ಗೆ. ಮುಚ್ಚಳದಲ್ಲಿ ಗಾಳಿಗೆ ತೂತೇ ಇಲ್ಲ, ಗೊಳಗೊಳ ಅಂತ ಉಗುಳುತ್ತೆ. ಹೋಗ್ಲಿ, ಕೈಕೆಲಸ ಅಲ್ವಾ ಅನ್ಕೊಂಡೆ. ಆಮೇಲೆ ನೋಡಿದ್ರೆ ಗ್ಲೇಜ್, ಅಂದ್ರೆ ಮೇಲಿರೋ ಗಾಜಿನಂಥ ಹೊಳಪಿನ ಪದರ, ಅದರ ತುಂಬ ಕೂದಲೆಳೆ ಬಿರುಕು, ಅದರೊಳಗೆಲ್ಲ ಟೀ ಕಲೆ.

ತೊಳೆಯೋವಾಗ ಒಳಗೆ ಬೆರಳು ಹಾಕಿದೆ ನೋಡಿ, ಹಿಡಿ ಕೂತಿರೋ ಜಾಗದಲ್ಲಿ ಎರಡು ಗುಳಿ. ಹಿಡಿ ಬೇರೆ ಮಾಡಿ ಅಂಟಿಸಿದ್ರೆ ಗುಳಿ ಎಲ್ಲಿಂದ ಬರುತ್ತೆ? ನೀರಾಗಿ ಕಲಸಿದ ಮಣ್ಣನ್ನ ಹಿಡಿ ಸಮೇತ ಒಂದೇ ಅಚ್ಚಿಗೆ ಹುಯ್ದಿದಾರೆ, ಅದಕ್ಕೇ ಆ ಗುಳಿ. ಮೂತಿ ಕೆಳಗೆ ಅಚ್ಚಿನ ಗೆರೆ ಉಜ್ಜಿ ಮರೆಸಿದಾರೆ, ಆದ್ರೂ ಉಗುರಿಗೆ ಸಿಗುತ್ತೆ. ತಳದಲ್ಲಿ ಗ್ಲೇಜ್ ಇಲ್ಲದ ಅಂಚಿಗೆ ಒಂದು ಹನಿ ನೀರು ಬಿಟ್ಟೆ, ಹೀರ್ಕೊಂಡ್ಬಿಡ್ತು! ಪೋರ್ಸಲೇನ್ 1200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸುಟ್ಟು ಗಟ್ಟಿಯಾಗಿರುತ್ತೆ, ಹಿಂಗೆ ನೀರು ಕುಡಿಯಲ್ಲ. ಇದು ಬಿಳಿ ಗ್ಲೇಜ್ ಬಳಿದ ಸಾದಾ ಮಣ್ಣು. ಇನ್ನು ಆ ಹೂವು, ಇನ್ಯಾರೋ ಹಾಕಿದ ರಿವ್ಯೂ ಫೋಟೋದಲ್ಲೂ ಅದೇ ಎಸಳಲ್ಲಿ ಅದೇ ಥರ ಬ್ರಷ್ ಜಾರಿದೆ. ಪ್ರಿಂಟ್ ಕಣ್ರೀ, ಪ್ರಿಂಟ್! ಮನೆಗೆ ಬಂದೋರಿಗೆಲ್ಲ ಆ ಜಾರಿದ ಎಸಳು ತೋರಿಸಿ ನೋಡಿ ಕೈಯಲ್ಲಿ ಬಿಡಿಸಿದ್ದು ಅಂತ ಕೊಚ್ಕೊಂಡಿದ್ದೆ, ಈಗ ಅವರ ಮುಖ ಹೆಂಗೆ ನೋಡ್ಲಿ.

ಮೆಸೇಜ್ ಮಾಡಿದ್ರೆ ಮೊದ್ಲು "ಹ್ಯಾಂಡ್‌ಮೇಡಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ, ಅದೇ ಅದರ ಬ್ಯೂಟಿ" ಅಂತೆ. ವ್ಯತ್ಯಾಸ ಇಲ್ವಲ್ಲ ಅದೇ ನನ್ನ ಕಂಪ್ಲೇಂಟ್ ಅಂದೆ. ಅದಕ್ಕೆ "ಅಚ್ಚಿಗೆ ಹುಯ್ಯೋದೂ ಕೈಯಲ್ಲೇ ಅಲ್ವಾ ಮೇಡಂ". ಏನ್ ಹೇಳ್ತೀರಿ ಇದಕ್ಕೆ? ಬಿರುಕಿನ ಫೋಟೋ ಕಳ್ಸಿದ್ರೆ "ಬಿಸಿನೀರು ಹಾಕಿದ್ರಾ? ಇದು ಡೆಕೊರೇಷನ್ ಪೀಸ್". ಟೀಪಾಟ್‌ಗೆ ಬಿಸಿನೀರು ಹಾಕಬಾರದಂತೆ! ಕುದಿಯೋ ನೀರು ಹಾಕಿ ಅಂದ ಅವರದೇ ಮೆಸೇಜ್ ಸ್ಕ್ರೀನ್‌ಶಾಟ್ ಕಳ್ಸಿದೆ, "ಬಳಸಿದ ಮಾಲು ವಾಪಸ್ ತಗೊಳ್ಳಲ್ಲ" ಅಂದ್ರು, ಬ್ಲಾಕ್ ಮಾಡಿದ್ರು.

ಅಚ್ಚಲ್ಲಿ ಮಾಡಿದ್ದು ಕೆಟ್ಟದ್ದು ಅಂತಲ್ಲ, ಒಳ್ಳೊಳ್ಳೆ ಪೋರ್ಸಲೇನೂ ಅಚ್ಚಲ್ಲಿ ಆಗುತ್ತೆ, ಹಾಗಂತ ಹೇಳಿ ಮಾರ್ಲಿ. ದುಡ್ಡು ಹಾಕೋ ಮುಂಚೆ ತಳದ ಫೋಟೋ, ಹಿಡಿ ಹತ್ರ ಒಳಗಡೆ ಫೋಟೋ, ಬಿಸಿನೀರು ಬಗ್ಗಿಸೋ ವಿಡಿಯೋ ಕೇಳಿ. ಅದು ಬಿಟ್ಟು ಹೂವಿನ ಕ್ಲೋಸಪ್ಪೇ ಕಳಿಸ್ತಾ ಇದ್ರೆ ಅಲ್ಲಿಗೇ ಬಿಟ್ಬಿಡಿ.